ನಾಕು ಚುಕ್ಕೆ, ಒಂದು ಗೀಟು

ಹುಣಸೂರಿನಲ್ಲಿ ಹೊಳೆ ಕಡೆ ಇಳಿಯುವ ಬೀದಿಯಲ್ಲಿ ನಮ್ಮ ಇಸ್ತ್ರಿ ಅಂಗಡಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಳೇ ಸೀರೆಯ ಪರದೆ. ಅಂಗಡಿ ಅಂದರೆ ದೊಡ್ಡದೇನಲ್ಲ. ಒಂದು ಮೇಜು, ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಬಿಳಿ ಪಂಚೆ. ಕರೆಂಟಿನ ಇಸ್ತ್ರಿ ಪೆಟ್ಟಿಗೆ ಒಂದು, ಕರೆಂಟು ಹೋದಾಗ ಎತ್ತಿಕೊಳ್ಳುವ ಇದ್ದಿಲಿನ ಪೆಟ್ಟಿಗೆ ಇನ್ನೊಂದು. ಮೇಜಿನ ಕೆಳಗೆ, ನನ್ನ ಪಾದಕ್ಕೆ ತಗಲುವ ಹಾಗೆ, ಹದಿಮೂರು ವರ್ಷ ನಮ್ಮ ನಾಯಿ ಮಲಗುತ್ತಿತ್ತು.

ಅದು ನಮ್ಮ ಮನೆಗೆ ಬಂದದ್ದು ಮೈಲಿಗೆ ಬಟ್ಟೆಯ ಗಂಟಿನ ಒಳಗೆ. ನಮ್ಮ ಮಾವ, ಯಜಮಾನರ ಅಪ್ಪ, ಆಗಿನ್ನೂ ಮನೆಮನೆಗೆ ಹೋಗಿ ಬಟ್ಟೆ ಹಾಕಿಸಿಕೊಂಡು ಬರುತ್ತಿದ್ದರು. ಒಂದು ದಿನ ಅಂಗಳದಲ್ಲಿ ಗಂಟು ಬಿಚ್ಚಿದರೆ ಹಾಸಿಗೆ ಹೊದಿಕೆಗಳ ನಡುವೆ ಕಂದು ಬಣ್ಣದ ಒಂದು ಮರಿ ಕಣ್ಣು ಪಿಳಿಪಿಳಿ ಬಿಡುತ್ತಾ ಕೂತಿದೆ. ಯಾವ ಮನೆಯ ಜಗಲಿಯಲ್ಲಿ ಹತ್ತಿಕೊಂಡಿತೋ ತಿಳಿಯದು. ಮಾವ ಅದನ್ನು ಹೆಗಲಿಗೆ ಹಾಕಿಕೊಂಡು ಅವತ್ತು ಬಟ್ಟೆ ಹಾಕಿದ ಅಷ್ಟೂ ಮನೆಗೆ ಹೋಗಿ, "ಇದು ನಿಮ್ಮದೇನವ್ವ?" ಅಂತ ಕೇಳಿ ಬಂದರು. ಯಾರೂ ನಮ್ಮದು ಅನ್ನಲಿಲ್ಲ. ಮನೆಗೆ ಬಂದವರು ಅದರ ಎರಡೂ ಕಿವಿ ಮಡಚಿ ನೋಡಿ, ಹೊಟ್ಟೆ ತಿರುಗಿಸಿ ನೋಡಿ ಹೇಳಿದರು:

"ಗುರುತಿಲ್ಲ ಕಣವ್ವ. ಅಂಗಾದ್ರೆ ನಮ್ದೇಯ."

ಇದು ನಮ್ಮ ಕಸುಬಿನ ಮಾತು. ಬಿಡಿಸಿ ಹೇಳದಿದ್ದರೆ ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮದು ಬಟ್ಟೆ ಒಗೆಯುವವರ ಮನೆ. ಇಪ್ಪತ್ತು ಮನೆಯ ಬಿಳಿ ಪಂಚೆ ಒಂದೇ ಹಂಡೆಯಲ್ಲಿ ಬೆಂದು, ಒಂದೇ ಹಗ್ಗದ ಮೇಲೆ ಒಣಗಿದರೆ, ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಮಾವ ಪ್ರತಿ ಮನೆಗೂ ಒಂದು ಗುರುತು ಇಟ್ಟಿದ್ದರು. ಒಬ್ಬರಿಗೆ ಮೂರು ಚುಕ್ಕೆ, ಒಬ್ಬರಿಗೆ ಎರಡು ಗೀಟು, ಮೇಷ್ಟ್ರ ಮನೆಗೆ ಒಂದು ಕೊಕ್ಕೆ. ಕಾಡಿನ ಕರಿಗೇರು ಬೀಜ ಎಚ್.ಡಿ. ಕೋಟೆ ಸಂತೆಯಲ್ಲಿ ಸಿಗುತ್ತಿತ್ತು. ಅದನ್ನು ಸೂಜಿಯಲ್ಲಿ ಚುಚ್ಚಿದರೆ ಕರಿ ಎಣ್ಣೆ ಜಿನುಗುತ್ತದೆ. ಆ ಎಣ್ಣೆಯಲ್ಲಿ ಬಟ್ಟೆಯ ಮೂಲೆಗೆ ಚುಕ್ಕೆ ಇಟ್ಟು, ಮೇಲೊಂದಿಷ್ಟು ಸುಣ್ಣ ಒರೆಸಿಬಿಟ್ಟರೆ, ಬಟ್ಟೆ ಹರಿದು ಚಿಂದಿಯಾದರೂ ಚುಕ್ಕೆ ಹೋಗುವುದಿಲ್ಲ. ನಮ್ಮ ಮನೆಯ ಬಟ್ಟೆಗೆ ಮಾತ್ರ ಗುರುತು ಇರಲಿಲ್ಲ. ಗುರುತಿಲ್ಲದೆ ಉಳಿದದ್ದು ನಮ್ಮದು ಅಂತ ಲೆಕ್ಕ.

ನಾಯಿಗೆ ನಾವು ಹೆಸರಿಡಲಿಲ್ಲ. ಮಾವ "ಬಾ" ಅಂದರೆ ಬರುತ್ತಿತ್ತು, "ಓಗು" ಅಂದರೂ ಬರುತ್ತಿತ್ತು. ಇಸ್ತ್ರಿ ಮಾಡಿದ ಬಟ್ಟೆ ಕೊಡಲು ಮಾವ ಹೊರಟರೆ ಅದು ಮುಂದೆ. ಐದಾರು ವರ್ಷದ ಹಿಂದೆ ಮಾವನ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆದ ಮೇಲೂ ಎಡಗಣ್ಣು ಅಷ್ಟಕ್ಕಷ್ಟೇ ಉಳಿಯಿತು. ಆಗ ನಾಯಿಯೇ ದಾರಿ. ಮೊದಲನೇ ಮನೆಯ ಗೇಟಿನ ಮುಂದೆ ನಿಲ್ಲುತ್ತದೆ, ಮಾವ ಮೇಲಿನ ಗಂಟು ಕೊಡುತ್ತಾರೆ. ಎರಡನೇ ಮನೆಯ ಮುಂದೆ ನಿಲ್ಲುತ್ತದೆ, ಎರಡನೇ ಗಂಟು. ನಾನು ಗಂಟುಗಳನ್ನು ಆ ಸಾಲಿಗೇ ಜೋಡಿಸಿ ಕೊಡುತ್ತಿದ್ದೆ. ಬೀದಿಯವರು ರೇಗಿಸುತ್ತಿದ್ದರು, "ಏನ್ ಯಜಮಾನ್ರೇ, ಅಂಗಡಿ ಮಾಲೀಕ್ರು ಮುಂದೆ ಓಯ್ತಾ ಅವ್ರೆ, ಕೂಲಿಯೋರು ಹಿಂದೆ ಬತ್ತಾ ಇದ್ದೀರಾ?"

"ಊ ಕಣಪ್ಪ, ಸಂಬಳ ಮಾತ್ರ ಇನ್ನೂ ಕೊಟ್ಟಿಲ್ಲ," ಅನ್ನೋರು ಮಾವ.

ತೊಂದರೆ ಕೊಡುತ್ತಿರಲಿಲ್ಲ ಅಂತಲ್ಲ. ನರ್ಸಮ್ಮನ ಬಿಳಿ ಕೋಟಿಗೆ ಅದರ ಕಂದು ಕೂದಲು ಅಂಟಿ ನಾನು ಎಷ್ಟು ಸಲ ಬೈಸಿಕೊಂಡಿದ್ದೀನೋ. ಗೋಂದಿನ ಟೇಪು ಕೈಗೆ ಸುತ್ತಿಕೊಂಡು ಒಂದೊಂದೇ ಕೂದಲು ತೆಗೆಯುವುದು ನನ್ನ ಬೆಳಗಿನ ಕೆಲಸವೇ ಆಗಿತ್ತು. ಈಗಲೂ ಯಾವುದಾದರೂ ಬಿಳಿ ಬಟ್ಟೆ ಹರವಿದರೆ ಕೈ ತಾನಾಗೇ ಟೇಪು ಹುಡುಕುತ್ತದೆ.

ಹೋದ ಆಷಾಢದಲ್ಲಿ ಅದು ಸತ್ತಿತು. ಮೂರು ದಿನದಿಂದ ಅನ್ನ ಬಿಟ್ಟಿತ್ತು. ಬೆಳಿಗ್ಗೆ ನಾನು ಪರದೆ ಸರಿಸಿ ಪೆಟ್ಟಿಗೆ ಕಾಯಿಸಲು ಇಟ್ಟಾಗ ಮೇಜಿನ ಕೆಳಗೇ ಇತ್ತು, ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಎರಡು ಷರಟು ಮುಗಿಸಿ ಮೂರನೆಯದಕ್ಕೆ ನೀರು ಚಿಮುಕಿಸುವಾಗ ಪಾದಕ್ಕೆ ಏನೋ ಬೇರೆ ಥರ ಅನ್ನಿಸಿತು. ಬಗ್ಗಿ ನೋಡಿದೆ. ಪೆಟ್ಟಿಗೆ ಸ್ವಿಚ್ಚು ಆರಿಸಿ, ಅಲ್ಲೇ ನೆಲಕ್ಕೆ ಕೂತು, ಸ್ವಲ್ಪ ಹೊತ್ತು ಅದರ ಬೆನ್ನು ಸವರಿದೆ. ಆಮೇಲೆ ಮಾವನನ್ನು ಕರೆದೆ.

ಮಾವ ಅಳಲಿಲ್ಲ. ಗೋಡೆಗೆ ಒರಗಿ ಕೂತು ಕೇಳಿದರು, "ಈಗ ಎಲ್ಗವ್ವ ಮಡಗೋದು ಇದ್ನ?"

ಪ್ರಶ್ನೆ ಸಣ್ಣದಲ್ಲ. ನಮ್ಮ ಮನೆಗೆ ಹಿತ್ತಿಲು ಅಂತ ಇಲ್ಲ. ಇರುವುದು ಸಿಮೆಂಟಿನ ಅಂಗಳ, ಬಟ್ಟೆ ಹಗ್ಗ, ನಲ್ಲಿ. ಇದಕ್ಕೆ ಮುಂಚೆ ಇದ್ದ ನಾಯಿಯನ್ನು ಮಾವ ಹೊಳೆ ದಡದಲ್ಲಿ, ಅವರ ಒಗೆಯುವ ಕಲ್ಲಿನ ಪಕ್ಕದಲ್ಲೇ ಹೂತಿದ್ದರು. ಆ ವರ್ಷ ಕೊಡಗಿನ ಕಡೆ ಮಳೆ ಜೋರಾಗಿ ಹೊಳೆ ಉಕ್ಕಿ ದಡವೇ ಕೊಚ್ಚಿಕೊಂಡು ಹೋಯಿತು. ನೀರು ಇಳಿದ ಮೇಲೆ ಮಾವ ಹೋಗಿ ನೋಡಿದರೆ ಕಲ್ಲೂ ಇಲ್ಲ, ಗುಂಡಿಯೂ ಇಲ್ಲ. ಅವತ್ತು ಊಟ ಮಾಡಲಿಲ್ಲ ಅಂತ ನಮ್ಮ ಅತ್ತೆ ಹೇಳುತ್ತಿದ್ದರು.

ನಮ್ಮ ಯಜಮಾನರು ಲಗೇಜ್ ಆಟೋ ಓಡಿಸುತ್ತಾರೆ. ಹೊಗೆಸೊಪ್ಪು ಹದ ಮಾಡುವ ಕಾಲಕ್ಕೆ ಪಿರಿಯಾಪಟ್ಟಣದ ಕಡೆ ಸೊಪ್ಪು ಒಣಗಿಸುವ ಬ್ಯಾರನ್ನುಗಳಿಗೆ ಸೌದೆ ಸಾಗಿಸುವುದೇ ಅವರ ಕೆಲಸ. ಅವರು ಅಂದರು, "ಪಿರಿಯಾಪಟ್ಣದ ಪಾರ್ಟಿಯೊಬ್ಬ ಅವ್ನೆ, ಕೇಳುದ್ರೆ ವಲದ ಬದೀಲಿ ಜಾಗ ಕೊಡ್ತಾನೆ."

"ಬರೋ ವರ್ಸ ಟ್ರ್ಯಾಕ್ಟ್ರಲ್ಲಿ ಉಳ್ತಾನೆ," ಅಂದರು ಮಾವ.

"ಅಂಗಾರೆ ಸುಡಾನ."

"ಸುಡುಗಾಡಲ್ಲಿ ನಾಯಿ ಸುಡಕ್ಕೆ ಬುಟ್ಟಾರೇನ್ಲಾ? ಅದೂ ಈ ಮಳೇಲಿ. ಹಸಿ ಸೌದೆ ಆಕಿ ಅರ್ಧ ಬೇಯ್ಸಿ ಬತ್ತೀಯ."

ಮೂರನೆಯ ದಾರಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೀದಿ ಕಸ ತುಂಬುವ ಟ್ರ್ಯಾಕ್ಟರು ಒಂಬತ್ತು ಗಂಟೆಗೆ ಬರುತ್ತದೆ. ಸತ್ತ ನಾಯಿ, ಹಂದಿ ಅದರಲ್ಲೇ ಹೋಗುವುದು. ಅದರ ಹಾಡು ದೂರದಲ್ಲಿ ಕೇಳಿದ ತಕ್ಷಣ ಮಾವ ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದಕ್ಕೆ ಎಳೆದರು.

ಆಗ ನಮ್ಮ ಮಗಳು ಬಾಯಿಬಿಟ್ಟಳು. ಅವಳು ಪಿರಿಯಾಪಟ್ಟಣದಲ್ಲಿ ದನದ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಇದ್ದಾಳೆ, ಬಸ್ಸಿಗೆ ಹೊರಟು ನಿಂತಿದ್ದವಳು ಬ್ಯಾಗು ಕೆಳಗಿಟ್ಟು ಕೂತಳು. ಕೆ.ಆರ್. ನಗರದ ರಸ್ತೆಯಲ್ಲಿ ಒಂದು ಹಳೇ ರೈಸ್ ಮಿಲ್ಲಿನ ಶೆಡ್ಡಿನಲ್ಲಿ ದನದ ಡಾಕ್ಟರಮ್ಮ ಒಬ್ಬರು ಹೊಸದಾಗಿ ಏನೋ ಶುರುಮಾಡಿದ್ದಾರಂತೆ. ಸತ್ತ ಸಾಕುಪ್ರಾಣಿಗಳನ್ನು ಸುಡುವುದಲ್ಲ, ಹೂಳುವುದೂ ಅಲ್ಲ. ಬಿಸಿ ನೀರಿನಲ್ಲಿ ಕರಗಿಸುವುದು. ಸೌದೆ ಬೇಡ, ಹೊಗೆ ಇಲ್ಲ. ಕೊನೆಗೆ ಬಿಳಿ ಮೂಳೆ ಮಾತ್ರ ಉಳಿಯುತ್ತದೆ, ಅದನ್ನು ಪುಡಿ ಮಾಡಿ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ.

ನಮ್ಮ ಯಜಮಾನರಿಗೆ ಎಂಥಾ ಹೊತ್ತಿನಲ್ಲೂ ಬಾಯಿ ಸುಮ್ಮನಿರುವುದಿಲ್ಲ. "ಸಾರು ಮಾಡ್ತಾರೆ ಅನ್ನು," ಅಂದರು.

"ಥೂ, ಅಪ್ಪಾ!" ಅಂದಳು ಮಗಳು. ನಾನು ಕೈಗೆ ಸಿಕ್ಕ ನೀರು ಚಿಮುಕಿಸುವ ಬಾಟಲಿಯಿಂದ ಅವರ ಮುಖಕ್ಕೇ ಒಂದು ಸಲ ಚಿಮುಕಿಸಿದೆ.

ಮಾವ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. "ಬರೀ ನೀರಲ್ಲಿ ಕರಗಲ್ಲ," ಅಂದರು. "ನೀರ್ಗೆ ಏನಾರ ಆಕ್ತಾರೆ. ಏನಾಕ್ತಾರೆ ಕೇಳವ್ವ."

ಮಗಳು ಫೋನು ಮಾಡಿ ಕೇಳಿ ಹೇಳಿದಳು, "ಕಾಸ್ಟಿಕ್ ಥರದ್ದಂತೆ ತಾತ. ಸೋಡಾ ಜಾತೀದು."

ಮಾವ ತಲೆ ಆಡಿಸಿದರು. ಆಮೇಲೆ ಅವರು ಕೇಳಿದ ಪ್ರಶ್ನೆಯೇ ಅವತ್ತಿನಿಂದ ಮೂರು ದಿನ ನಮ್ಮ ಮನೆಯನ್ನು ಕಾಡಿದ್ದು. "ಅಲ್ಲಿ ನಮ್ದೊಂದೇ ಅಲ್ವಲ್ಲ ಇರೋದು. ಮೈಸೂರೋರ ನಾಯಿ ಬತ್ತದೆ, ಬೆಕ್ಕು ಬತ್ತದೆ. ಮೂಳೆ ಆದ್ಮೇಲೆ ಎಲ್ಲಾ ಬೆಳ್ಳಗೇ ಅಲ್ವಾ? ನಮ್ದು ನಮ್ಗೇ ಬತ್ತದೆ ಅಂತ ಎಂಗವ್ವ ಗೊತ್ತಾಗದು?"

ಬದುಕಿಡೀ ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಕೊಟ್ಟವರಲ್ಲ ಅವರು. ಅದನ್ನು ಆಗಾಗ ಹೇಳಿಕೊಳ್ಳುವವರೂ ಹೌದು. ಹೊಳೆ ಒಂದು ನಾಯಿಯನ್ನು ಕೇಳದೆ ತೆಗೆದುಕೊಂಡು ಹೋಗಿತ್ತು. ಇನ್ನೊಂದು ಬೇರೆಯವರ ಡಬ್ಬಿಯಲ್ಲಿ ಬೇರೆಯವರ ಮನೆಗೆ ಹೋಗುವುದು ಅವರಿಗೆ ತಡೆಯುವ ಮಾತಲ್ಲ ಅಂತ ನನಗೆ ಗೊತ್ತಿತ್ತು. "ನಂಬರ್ ಹಾಕ್ತಾರಂತೆ ತಾತ," ಅಂದಳು ಮಗಳು. "ನಂಬರ್ರು ಅವ್ರದ್ದು," ಅಂದು ಮಾವ ಎದ್ದು ಒಳಗೆ ಹೋದರು.

ಅಟ್ಟದಿಂದ ತಗಡಿನ ಒಂದು ಪೆಟ್ಟಿಗೆ ಇಳಿಸಿಕೊಡು ಅಂದರು. ಇಳಿಸಿಕೊಟ್ಟೆ. ಹಳೇ ಕಾಲದ ಬಿಸ್ಕತ್ತು ಡಬ್ಬ, ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಳಗೆ ಒಣಗಿದ ಕರಿಗೇರು ಬೀಜ ಒಂದು ಹಿಡಿ, ಎರಡು ದಪ್ಪ ಸೂಜಿ. ತಳದಲ್ಲಿ ಕಾಗದಕ್ಕೆ ಸುತ್ತಿದ ಜರಿ ಎಳೆಗಳ ಒಂದು ಗೋಜಲು, ಗುಬ್ಬಿ ಗೂಡಿನ ಹಾಗೆ. "ಇದೇನು ಮಾವ?" ಅಂದೆ. "ಅದ್ಯಾಕೀಗ, ಮಡುಗು," ಅಂದರು.

ಬೀಜ ಎಷ್ಟೋ ವರ್ಷದ್ದು, ಕಲ್ಲಿನ ಹಾಗಾಗಿತ್ತು. ಇಸ್ತ್ರಿ ಪೆಟ್ಟಿಗೆಯ ಬೆನ್ನ ಮೇಲೆ ಇಟ್ಟು ಬೆಚ್ಚಗೆ ಮಾಡಿಸಿದರು. ನಾನು ಹತ್ತಿರ ಬಗ್ಗಿದರೆ "ಮುಟ್ಬ್ಯಾಡ ಕಣವ್ವ, ಗುಳ್ಳೆ ಏಳ್ತವೆ," ಅಂತ ಗದರಿಸಿದರು. ತಮ್ಮ ಹಳೇ ಪಂಚೆಯಿಂದ ಎರಡು ಬೆರಳಗಲ ಒಂದು ಚಿಂದಿ ಹರಿದುಕೊಂಡರು. ಒಂದು ಬೀಜ ಚುಚ್ಚಿದರು, ಏನೂ ಬರಲಿಲ್ಲ. ಎರಡನೆಯದೂ ಇಲ್ಲ. ನಾಲ್ಕನೆಯದರಲ್ಲಿ ಸೂಜಿಯ ತುದಿಗೆ ಕರ್ರಗೆ ಒಂದು ಹನಿ ಹತ್ತಿತು. ಅಷ್ಟಾದ ಮೇಲೆ ಸೂಜಿ ಹಿಡಿದು ಸುಮ್ಮನೆ ಕೂತುಬಿಟ್ಟರು.

"ಅಪ್ಪಾ, ಒತ್ತಾಯ್ತಾ ಅದೆ. ಮಳೆ ಇಡ್ಕೊಂಡ್ರೆ ದಾರೀಲಿ ಕಷ್ಟ," ಅಂದರು ನಮ್ಮ ಯಜಮಾನರು.

"ಇರ್ಲಾ. ಯಾವ ಗುರ್ತು ಆಕ್ಲಿ? ನಮ್ಮನೇಗೆ ಗುರ್ತೇ ಇಲ್ವಲ್ಲ."

ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಊರವರಿಗೆಲ್ಲ ಗುರುತು ಇಟ್ಟುಕೊಟ್ಟ ಮನುಷ್ಯ ತನ್ನದು ಅಂತ ಒಂದನ್ನು ಯಾವತ್ತೂ ಇಟ್ಟುಕೊಂಡಿರಲಿಲ್ಲ. ಮೂರು ಚುಕ್ಕೆ ಇನ್ನೊಬ್ಬರದ್ದು, ಎರಡು ಗೀಟು ಮತ್ತೊಬ್ಬರದ್ದು. ಆ ಮನೆಯವರು ಊರು ಬಿಟ್ಟು ಹೋಗಿದ್ದರೂ ಅವರ ಗುರುತು ಮುಟ್ಟುವಂತಿಲ್ಲ. ಮಾವ ಮೇಜಿನ ಕೆಳಗೆ ಪಂಚೆ ಹೊದೆಸಿ ಮಲಗಿಸಿದ್ದ ನಾಯಿಯನ್ನೇ ನೋಡುತ್ತಾ ಕೂತರು. ಎಣ್ಣೆ ಆರುತ್ತದೆ ಅಂತ ನನಗೆ ಆತಂಕ. ಆಮೇಲೆ ಬಗ್ಗಿ ಚಿಂದಿಯ ಮೇಲೆ ಒಂದೊಂದಾಗಿ ನಾಲ್ಕು ಚುಕ್ಕೆ ಇಟ್ಟರು, ಪಕ್ಕದಲ್ಲಿ ಸಣ್ಣದಾಗಿ ಸೊಟ್ಟ ಒಂದು ಗೀಟು ಎಳೆದರು. ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಒರೆಸಿದರು.

"ನಾಕು ಕಾಲು, ಒಂದು ಬಾಲ," ಅಂದರು. ಅವತ್ತು ಮೊದಲ ಸಲ ನಕ್ಕರು, ನಕ್ಕ ಮೇಲೆ ಟವಲಿನಿಂದ ಮುಖ ಒರೆಸಿಕೊಂಡರು.

ಆಟೋದಲ್ಲಿ ಮುಂದೆ ಮಾವ ಮತ್ತು ಯಜಮಾನರು, ಹಿಂದೆ ಟಾರ್ಪಾಲಿನ ಕೆಳಗೆ ನಾನು, ಮಗಳು, ನಾಯಿ. ನಾಯಿಯ ಹೊಟ್ಟೆಯ ಹತ್ತಿರ ಮೀನಿನ ಅಂಗಡಿಯಿಂದ ತಂದ ಐಸು ಇಟ್ಟಿದ್ದೆವು. ಕೆ.ಆರ್. ನಗರದ ಹತ್ತಿರ ಬರುತ್ತಿದ್ದಂತೆ ಎರಡೂ ಕಡೆ ಗದ್ದೆ, ಕಾಲುವೆ ನೀರು ಬಿಟ್ಟಿರಲಿಲ್ಲವೇನೋ, ಪೈರು ಬೆಳೆಸುವ ಒಟ್ಲು ಪಾತಿ ಮಾತ್ರ ಹಸಿರಾಗಿತ್ತು. ಮಗಳು ನಾಯಿಯ ಕಿವಿ ಹಿಡಿದುಕೊಂಡೇ ಇದ್ದಳು. ಚಿಕ್ಕವಳಾಗಿದ್ದಾಗ ಪರೀಕ್ಷೆಗೆ ಓದುವಾಗಲೂ ಹಾಗೇ ಹಿಡಿದುಕೊಳ್ಳುತ್ತಿದ್ದಳು.

ಶೆಡ್ಡಿನ ಒಳಗೆ ಇನ್ನೂ ಭತ್ತದ ಹೊಟ್ಟಿನ ವಾಸನೆ ಇತ್ತು. ಡಾಕ್ಟರಮ್ಮನಿಗೆ ನನ್ನ ಮಗಳಿಗಿಂತ ಹತ್ತು ವರ್ಷ ಹೆಚ್ಚಿರಬಹುದು. ಗಂಬೂಟು ಹಾಕಿಕೊಂಡು ಬಂದು ಮೊದಲು ನಾಯಿಯ ತಲೆ ಸವರಿದರು. ಅದು ನನಗೆ ಹಿಡಿಸಿತು. ನಡುವೆ ಸ್ಟೀಲಿನ ದೊಡ್ಡ ಹಂಡೆ, ಮಲಗಿಸಿದ ಹಾಗೆ ಇತ್ತು, ಮುಚ್ಚಳಕ್ಕೆ ಸುತ್ತಲೂ ಬೋಲ್ಟು. ಒಳಗೆ ತೂತು ತೂತಿನ ಒಂದು ತೊಟ್ಟಿ.

ನಾವು ಮೂವರೂ ಬಾಗಿಲಲ್ಲೇ ನಿಂತೆವು. ಮಾವ ಮಾತ್ರ ಸೀದಾ ಹೋಗಿ ಹಂಡೆಯ ಮೈ ಮೇಲೆ ಅಂಗೈ ಇಟ್ಟು ನೋಡಿದರು. "ಕುದುಸ್ತೀರಾ, ಇಲ್ಲಾ ಬರೀ ಕಾವು ಕೊಡ್ತೀರಾ ತಾಯಿ?"

"ಕುದಿಯೋಕೆ ಬಿಡಲ್ಲ ತಾತ. ಕುದಿಗಿಂತ ಸ್ವಲ್ಪ ಕೆಳಗೇ ಇಡ್ತೀವಿ, ನಾಳೆ ಈ ಹೊತ್ತಿನವರೆಗೂ."

"ಉಬ್ಬೇನೂ ಅಂಗೇಯ. ಕುದ್ದುಬುಟ್ರೆ ಬಟ್ಟೆ ನಾರಾಯ್ತದೆ. ರಾತ್ರಿಯೆಲ್ಲಾ ಅಂಗೇ ಕಾವಲ್ಲಿ ಕೂರುಸ್ಬೇಕು."

ಡಾಕ್ಟರಮ್ಮನಿಗೆ ಉಬ್ಬೆ ಅಂದರೆ ಗೊತ್ತಿರಲಿಲ್ಲ. ಮಾವ ಹೇಳಿದರು. ಒಲೆಯ ಮೇಲೆ ಹಂಡೆ, ಹಂಡೆಯಲ್ಲಿ ಸೌಳು ಮಣ್ಣಿನ ನೀರು, ಆಮೇಲಾಮೇಲೆ ಅಂಗಡಿ ಸೋಡಾ, ಅದರ ಮೇಲೆ ಸುತ್ತಲೂ ಪೇರಿಸಿದ ಬಟ್ಟೆ, ಒಳಗೇ ಆಡುವ ಹಬೆ. ಕೊಳೆ ತಾನಾಗೇ ಬಿಟ್ಟುಕೊಳ್ಳುತ್ತದೆ, ಬೆಳಿಗ್ಗೆ ಹೊಳೆಗೆ ಹೊತ್ತುಕೊಂಡು ಹೋಗಿ ಜಾಲಿಸಿದರೆ ಆಯಿತು. ಆಯಮ್ಮ ಕೈಕಟ್ಟಿ ನಿಂತು ಕೇಳಿದರು.

"ಈ ನೀರು ಎಲ್ಗೆ ಬುಡ್ತೀರಿ?" ಅಂದರು ಮಾವ. ಸ್ವರ ಸ್ವಲ್ಪ ಗಟ್ಟಿಯಾಗಿತ್ತು. "ನಮ್ಮನ್ನ ವೊಳೆಯಿಂದ ಎಬ್ಬುಸ್ದಾಗ ಇದೇ ಮಾತು ಎತ್ತುದ್ರು. ನಿಮ್ ಸೋಡಾ ನೀರು ವೊಳೆ ಕೆಡುಸ್ತದೆ ಅಂದ್ರು. ದಪ್ಪ ಬೋರ್ಡು ನೆಟ್ರು."

ಆಯಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಹಿಂದಿನ ದಿನದ ನೀರನ್ನು ಸೋಡಾ ಮುರಿಯುವ ಹುಳಿ ಬೆರೆಸಿ ಸರಿಮಾಡಿ ತೊಟ್ಟಿಯಲ್ಲಿ ನಿಲ್ಲಿಸಿದ್ದರಂತೆ. ಒಂದು ಮಗ್ಗಿನಲ್ಲಿ ತಂದು ಕಾಗದದ ಪಟ್ಟಿ ಅದ್ದಿ ಬಣ್ಣ ತೋರಿಸಿದರು. ತೆಳ್ಳಗಿನ ಟೀ ಡಿಕಾಕ್ಷನ್ನಿನ ಬಣ್ಣದ ನೀರು, ಸೋಪಿನಂಥ ಒಂದು ವಾಸನೆ. ಮಾವನಿಗೆ ಕಾಗದದ ಬಣ್ಣದ ಮೇಲೆ ನಂಬಿಕೆ ಇಲ್ಲ. ಎರಡು ಬೆರಳು ಅದ್ದಿ, ಕಣ್ಣು ಮುಚ್ಚಿ, ಬೆರಳಿಗೆ ಬೆರಳು ಉಜ್ಜಿ ನೋಡಿದರು. ಸೋಡಾ ಉಳಿದಿದ್ದರೆ ಬೆರಳು ಜಾರುತ್ತದೆ.

"ಜಾರಕ್ಕಿಲ್ಲ," ಅಂದರು. "ಸರ್ಯಾಗೇ ಅದೆ."

ಶೆಡ್ಡಿನ ಹಿಂದೆ ಆ ನೀರನ್ನೇ ಬಿಟ್ಟು ಬೆಳೆಸಿದ ಸೀಮೆ ಹುಲ್ಲು ಆಳೆತ್ತರ ನಿಂತಿತ್ತು.

ಇಷ್ಟೆಲ್ಲ ಆದ ಮೇಲೆ ತಂಟೆ ಬಂದದ್ದು ಚಿಂದಿಗೆ. ನಾಯಿಯನ್ನು ತೊಟ್ಟಿಯಲ್ಲಿ ಮಲಗಿಸುವ ಮುಂಚೆ ಆಯಮ್ಮ ಹೊದೆಸಿದ್ದ ಪಂಚೆ ತೆಗೆದು ನನ್ನ ಕೈಗೆ ಕೊಟ್ಟರು. ನಂಬರು ಕೊರೆದ ಸ್ಟೀಲಿನ ಬಿಲ್ಲೆಯೊಂದನ್ನು ತೊಟ್ಟಿಗೆ ಸಿಕ್ಕಿಸಿದರು. ಹಿಂಗಾಲಿಗೆ ಮಾವ ಕಟ್ಟಿದ್ದ ಚಿಂದಿ ನೋಡಿ, "ಇದನ್ನ ತೆಗೀಬೇಕು. ಬಟ್ಟೆ ಹಾಕೋ ಹಾಗಿಲ್ಲ," ಅಂದರು.

"ಅದು ಇರ್ಬೇಕು," ಅಂದರು ಮಾವ.

"ಕರಗಲ್ಲ ತಾತ, ಪೈಪಿಗೆ ಸಿಕ್ಕಿಹಾಕಿಕೊಳ್ಳುತ್ತೆ."

"ಕರಗಬಾರ್ದು ಅಂತಾನೇ ಆಕಿರಾದು. ಅದು ಅತ್ತಿ ಬಟ್ಟೆ, ಪಾಲಿಸ್ಟ್ರು ಅಲ್ಲ. ಅತ್ತಿಗೆ ಸೋಡಾ ಏನೂ ಮಾಡಲ್ಲ. ಉಣ್ಣೆ ಕರಗ್ತದೆ, ರೇಸ್ಮೆ ಕರಗ್ತದೆ. ಕೂದ್ಲು, ಚರ್ಮ ಎಲ್ಲಾ ರೇಸ್ಮೆ ಇದ್ದಂಗೇ ಓಯ್ತದೆ."

ಆಯಮ್ಮ ಕೈಗವಸು ಎಳೆದುಕೊಳ್ಳುತ್ತಿದ್ದವರು ಹಾಗೇ ನಿಂತರು. "ಇದು ನಿಮಗೆ ಹೇಗೆ ಗೊತ್ತು ತಾತ?"

ಮಾವ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಹೇಳಿದರು. ತಮಗೆ ಮದುವೆಯಾದ ಹೊಸತರಲ್ಲಿ ಒಂದು ಸಲ ಆಸ್ಪತ್ರೆಯ ಹೊದಿಕೆ ರಾಶಿ ಬಂದಿತ್ತಂತೆ. ಕಲೆ ಹೋಗಲಿ ಅಂತ ಸೋಡಾ ಬದಲು ಕಾಸ್ಟಿಕ್ಕು ಬೆರೆಸಿ ಉಬ್ಬೆ ಹಾಕಿದರಂತೆ. ಬೆಳಿಗ್ಗೆ ಬಿಚ್ಚಿದರೆ ಹೊದಿಕೆಗಳ ನಡುವೆ ಜರಿ ಎಳೆ ಕೈಗೆ ಸುತ್ತಿಕೊಂಡಿತು. ಒಂದು ಮನೆಯ ಹೊಸ ಸೊಸೆಯ ಧಾರೆ ಸೀರೆ, ಬಿಳಿ ಬಟ್ಟೆಯ ಗಂಟಿನೊಳಗೆ ಸೇರಿಹೋಗಿತ್ತು. ರೇಷ್ಮೆ ಅನ್ನುವುದು ಒಂದು ಚೂರೂ ಇಲ್ಲ, ಅಂಟು ಅಂಬಲಿ. ಜರಿ ಮಾತ್ರ ಉಳಿದಿದೆ.

"ನಾನೇ ಓಗಿ ಯೋಳ್ದೆ. ಆ ತಾಯಿ ಒಂದು ಮಾತೂ ಬೈನಿಲ್ಲ. ಒಳಗೋಗಿ ಬಾಗ್ಲಾಕ್ಕಂಡ್ರು. ಬೈದಿದ್ರೆ ಚೆನ್ನಾಗಿರದು. ಅವತ್ತಿಂದ ಗಂಟು ಬಿಚ್ಚಿ ಒಂದೊಂದೂ ಕೈಲಿ ಮುಟ್ಟಿ ನೋಡ್ದೆ ಉಬ್ಬೆಗಾಕಿಲ್ಲ."

ಡಬ್ಬದ ತಳದ ಗೋಜಲು ನೆನಪಾಯಿತು. ಮೂವತ್ತು ವರ್ಷ ಅದೇ ಅಟ್ಟದ ಕೆಳಗೆ ಸಂಸಾರ ಮಾಡಿದ್ದೀನಿ, ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ ಅಂತ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಹೊರಗೆ ಹೋಗಿ ಆಟೋದ ಟಯರು ಒದ್ದು ನೋಡುತ್ತಾ ನಿಂತರು. ಅದರಲ್ಲಿ ಗಾಳಿ ಸರಿಯಾಗೇ ಇತ್ತು.

ಡಾಕ್ಟರಮ್ಮ ಒಳಗಿನಿಂದ ಜಾಲರಿಯ ಒಂದು ಪುಟ್ಟ ಡಬ್ಬಿ ತಂದರು, ಟೀ ಸೋಸುವ ಜಾಲರಿಯಷ್ಟು. ಮಾವನ ಕೈಗೇ ಕೊಟ್ಟರು. ಮಾವ ಚಿಂದಿ ಬಿಚ್ಚಿ ಮಡಚಿ ಅದರಲ್ಲಿ ಹಾಕಿ ಮುಚ್ಚಿದರು. ನಾಯಿಯ ಮುಂಗಾಲಿನ ಹತ್ತಿರ ತೊಟ್ಟಿಗೇ ಅದನ್ನು ಕಟ್ಟಿದ್ದಾಯಿತು. ಮಾವ ಬಗ್ಗಿ ಅದರ ಎರಡೂ ಕಿವಿ ಒಂದು ಸಲ ಮಡಚಿ ಬಿಟ್ಟು, "ಓಗು," ಅಂದರು. ಈ ಸಲ ಅದು ಬರಲಿಲ್ಲ. ಮುಚ್ಚಳ ಮುಚ್ಚಿದರು.

ನಾಡಿದ್ದು ಬನ್ನಿ, ಮೂಳೆ ಒಣಗಬೇಕು ಅಂದಿದ್ದರು. ನಡುವಿನ ಒಂದು ದಿನ ಕಳೆಯುವುದೇ ಕಷ್ಟವಾಯಿತು. ಸಂಜೆ ಮಾವ ಎಂದಿನ ಹಾಗೆ ಗಂಟುಗಳನ್ನು ಹೆಗಲಿಗೆ ಹಾಕಿಕೊಂಡರು. "ಇವತ್ತು ಬೇಡ ಮಾವ, ಇವರು ಆಟೋದಲ್ಲಿ ಕೊಟ್ಟು ಬರ್ತಾರೆ," ಅಂದೆ. ಕೇಳಲಿಲ್ಲ. ಹೋದರು. ಅರ್ಧ ಗಂಟೆಯೊಳಗೆ ನರ್ಸಮ್ಮ ನಗುತ್ತಾ ಅಂಗಡಿಗೆ ಬಂದರು, ಕೈಯಲ್ಲಿ ಗಂಡಸರ ಖಾಕಿ ಪ್ಯಾಂಟು. "ಏನಮ್ಮ, ನನಗೆ ಪೊಲೀಸ್ ಕೆಲಸ ಕೊಡಿಸಿದ್ದೀರಾ?" ಪಕ್ಕದ ಮನೆಯ ಗಂಟು ಅವರಿಗೆ ಹೋಗಿತ್ತು, ಅವರ ಕೋಟು ಪಕ್ಕದ ಮನೆಗೆ.

ತಮಾಷೆಗೇ ಹೇಳಿದ್ದು. ಅಷ್ಟರಲ್ಲಿ ಹಿಂದೆಯೇ ಬಂದ ಮಾವ ಅದನ್ನು ಕೇಳಿಸಿಕೊಂಡರು. ನರ್ಸಮ್ಮ ಹೋದ ಮೇಲೆ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಟೀ ತಂದಿಟ್ಟೆ, ಅದು ಕೆನೆಗಟ್ಟಿತು.

"ನನ್ ಕೈಲೇ ಅದಲ್ ಬದ್ಲು ಆಯ್ತಲ್ಲವ್ವ. ಅಲ್ಲಿ ಆ ಡಾಕ್ಟ್ರು ಮಗೀನ ಕೈಲಿ ಆಗದಿದ್ದಾತಾ?"

"ಚಿಂದಿ ಇದೆಯಲ್ಲ ಮಾವ," ಅಂದೆ.

"ಎಣ್ಣೆ ಅಳೇದು. ಇಡೀತೋ ಇಲ್ವೋ."

ಮೂರನೇ ದಿನ ಮತ್ತೆ ನಾಲ್ವರೂ ಹೋದೆವು. ಮಗಳು ರಜೆ ಹಾಕಿದ್ದಳು. ಡಾಕ್ಟರಮ್ಮ ಒಂದು ಮಣ್ಣಿನ ಕುಡಿಕೆ ತಂದು ಮೇಜಿನ ಮೇಲಿಟ್ಟರು, ಬಾಯಿಗೆ ಬಟ್ಟೆ ಕಟ್ಟಿತ್ತು. ಒಳಗೆ ಅಕ್ಕಿ ಹಿಟ್ಟಿನಷ್ಟು ಬೆಳ್ಳನೆಯ ಪುಡಿ. ಮಾವ ಅದನ್ನು ನೋಡಲೇ ಇಲ್ಲ. ಕೈ ಚಾಚಿ ನಿಂತರು. ಆಯಮ್ಮ ಕಾಗದದ ಕವರಿನಿಂದ ಚಿಂದಿ ತೆಗೆದು ಆ ಕೈಯ ಮೇಲಿಟ್ಟರು.

ಚಿಂದಿ ಹಳದಿಗೆ ತಿರುಗಿ, ಅಂಚಿನ ಎಳೆ ಬಿಟ್ಟುಕೊಂಡು, ಒಣಗಿದ ಬಾಳೆ ಪಟ್ಟೆಯ ಹಾಗಾಗಿತ್ತು. ಮಾವ ಕನ್ನಡಕ ಏರಿಸಿಕೊಂಡು ಬಾಗಿಲ ಬೆಳಕಿಗೆ ಹೋದರು. ತಿರುವಿ ಹಾಕಿದರು. ಮತ್ತೆ ತಿರುವಿದರು. ನನಗೆ ಇದ್ದಲ್ಲಿಂದ ಬರೀ ಹಳದಿ ಕಾಣುತ್ತಿತ್ತು. ಮಾವ ಹೆಬ್ಬೆರಳಿನ ಉಗುರಿನಿಂದ ಎಣಿಸಿದರು. ಒಂದು, ಎರಡು, ಮೂರು. ಬೆರಳು ನಿಂತಿತು. ಚಿಂದಿಯನ್ನು ಕಣ್ಣಿಗೆ ಇನ್ನೂ ಹತ್ತಿರ ತಂದುಕೊಂಡರು.

"ಒಂದು ಕಾಲು ಮಾಸೋಗದೆ," ಅಂದರು. "ಅದೇಯ, ಇಂದ್ಗಡೆ ಎಡಗಾಲು. ಮೊದ್ಲಿಂದ್ಲೂ ಅದ್ನ ಸ್ವಲ್ಪ ಎಳ್ಕೊಂಡು ನಡೀತಿತ್ತು." ಮತ್ತೆ ನೋಡಿದರು. "ಬಾಲ ಚೆನ್ನಾಗೇ ಅದೆ."

"ಯಾರ್ದು ತಾತ?" ಅಂದಳು ಮಗಳು.

"ಇನ್ಯಾರ್ದು? ನಮ್ದೇ ಕಣವ್ವ." ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ನಮ್ಮ ಕಸುಬಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಸುಲಭಕ್ಕೆ ಹೇಳದ ಮಾತೊಂದನ್ನು ಹೇಳಿದರು: "ಕೈ ಶುದ್ದವಾಗಿ ಅದೆ ತಾಯಿ ನಿಮ್ದು."

ವಾಪಸ್ಸು ಬರುವಾಗ ಕುಡಿಕೆ ಮಾವನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಮ್ಮ ಯಜಮಾನರು ಒಂದು ಕುಹಕವನ್ನೂ ಆಡಲಿಲ್ಲ. ಊರು ಹತ್ತಿರ ಬಂದಾಗ ಮಾತ್ರ, "ಅಪ್ಪಾ, ಆ ಸೀರೆ ಇಚಾರ ಅವ್ವಂಗೆ ಗೊತ್ತಿತ್ತಾ?" ಅಂದರು.

"ಆ ಜರಿ ಎತ್ತಿ ಮಡಗ್ದೋಳೇ ಅವ್ಳು ಕಣ್ಲಾ."

ಮನೆಗೆ ಬಂದು ಮಾವ ನಲ್ಲಿಯ ಕೆಳಗೆ ಚಿಂದಿಯನ್ನು ಜಾಲಿಸಿ, ಹಿಂಡದೆ, ಅಂಗೈಯಲ್ಲಿ ಒತ್ತಿ ಹಗ್ಗಕ್ಕೆ ಹಾಕಿದರು. ಅಷ್ಟು ಉದ್ದದ ಹಗ್ಗದ ಮೇಲೆ ಎರಡು ಬೆರಳಗಲದ ಬಟ್ಟೆ. ಅದಕ್ಕೂ ಎರಡು ಕಡೆ ಕ್ಲಿಪ್ಪು ಸಿಕ್ಕಿಸಿದರು. ಆರಿದ ಮೇಲೆ ತಂದು ಮೇಜಿನ ಮೇಲಿಟ್ಟು, "ಮೇಲೊಂದು ಒದ್ದೆ ಬಟ್ಟೆ ಆಕ್ಕೊಂಡು ತೇಯವ್ವ, ಸೀದಾತು," ಅಂದರು. ನಾನು ಪೆಟ್ಟಿಗೆಯ ಕಾವು ಇಳಿಸಿ, ಕರ್ಚೀಫು ಒದ್ದೆ ಮಾಡಿ ಹಾಸಿ, ಒಂದೇ ಸಲ ಎಳೆದೆ. ಮೂರು ಚುಕ್ಕೆ, ಕಂಡೂ ಕಾಣದ ಇನ್ನೊಂದು, ಸೊಟ್ಟ ಬಾಲ.

ಕುಡಿಕೆಯನ್ನು ಎಲ್ಲಿ ಇಡುವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಮಗಳು ಕುಂಡದಲ್ಲಿ ಹಾಕಿ ದಾಸವಾಳ ನೆಡೋಣ ಅನ್ನುತ್ತಾಳೆ. ಮಾವ ಹೊಳೆಯ ಮಾತಂತೂ ಎತ್ತುವುದಿಲ್ಲ. ಸದ್ಯಕ್ಕೆ ಅದು ಮೇಜಿನ ಕೆಳಗೇ ಇದೆ. ಅಲ್ಲಾದರೆ ಬೆಚ್ಚಗಿರುತ್ತದೆ ಅಂತ ಮಾವನೇ ಇಟ್ಟದ್ದು. ಷರಟು ತಿರುವಿ ಹಾಕುವಾಗ ಒಂದೊಂದು ಸಲ ನನ್ನ ಪಾದ ತಗಲುತ್ತದೆ. ಆಗ "ಸ್ವಲ್ಪ ಸರೀ ಆಚೆಗೆ" ಅನ್ನುವುದು ಇನ್ನೂ ಬಾಯಿಗೆ ಬಂದುಬಿಡುತ್ತದೆ.